ಎಂಟು ಗಂಟೆಯ ಬಸ್ಸು ನಿಂತದ್ದು ಯಾರಿಂದ

ನಮ್ಮೂರಿಗೆ ಬೆಳಿಗ್ಗೆ ಎಂಟು ಗಂಟೆಗೆ ಒಂದು ಸರ್ಕಾರಿ ಬಸ್ಸು ಬರುತ್ತಿತ್ತು. ಮಾಗಡಿ ಕಡೆಯಿಂದ ಬಂದು, ಹಾಲಿನ ಡೈರಿಯ ಎದುರು ನಿಂತು, ರಾಮನಗರಕ್ಕೆ ಹೋಗುತ್ತಿತ್ತು. ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅದು ನಿಂತುಹೋಯಿತು. ಏಕೆ ನಿಂತಿತು ಎಂದು ಯಾರೂ ಬಂದು ಹೇಳಲಿಲ್ಲ. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ. ಬುಧವಾರ ಹತ್ತು ಗಂಟೆಯ ಬಸ್ಸಿನ ಕಂಡಕ್ಟರು ಕಿಟಕಿಯಿಂದಲೇ, "ಅದನ್ನ ಬ್ಯಾರೆ ಕಡೀಕೆ ಹಾಕವ್ರೆ, ಕಾಯ್ಬೇಡಿ" ಎಂದು ಹೇಳಿ ಹೋದ.

ಸರ್ಕಾರದವರು ಹೇಳದೆ ಬಿಟ್ಟದ್ದನ್ನು ನಮ್ಮೂರಿನವರು ತಾವೇ ಹೇಳಿಕೊಳ್ಳುತ್ತಾರೆ. ಡೈರಿ ಮುಂದೆ ಒಂದು ಕಲ್ಲು ಬೆಂಚು ಇದೆ. ಸರ್ಕಾರದ ಹತ್ತಿರ ದುಡ್ಡಿಲ್ಲವಂತೆ ಎಂಬ ಮಾತು ಆ ಬೆಂಚಿನ ಮೇಲೆ ಒಂದು ತಿಂಗಳಿಂದ ಕಾಯುತ್ತಿತ್ತು. ಬಸ್ಸು ನಿಂತ ಮೇಲೆ ಕುದಿಯಿತು. ಹಾಲು ಹಾಕಲು ಹೋದ ಮುದುಕಿ ನಾನು ದಿನಾ ಕೇಳಿಸಿಕೊಳ್ಳುತ್ತಿದ್ದೆ. ಒಂದು ಹಸುವಿನ ಹಾಲು, ಒಂದು ಕ್ಯಾನು. ಅಳೆದು ಕೊಡುವವರೆಗೆ ನಿಲ್ಲಲೇಬೇಕು.

ಚರಂಡಿ ಕೆಲಸ ಹಿಡಿಯುವ ಕಂಟ್ರಾಕ್ಟರು ಒಬ್ಬ ಇದ್ದಾನೆ. ಅವನದು ದೊಡ್ಡ ಗಂಟಲು.

"ಕೆರೆ ತುಂಬೋಕ್ ಮುಂಚೆನೇ ಕೋಡಿ ಹೊಡ್ದುಬುಟ್ರೆ ನೀರು ಎಲ್ಲಿ ನಿಂತದೆ? ಬಸ್ಸು ಪುಕ್ಸಟ್ಟೆ, ಕರೆಂಟು ಪುಕ್ಸಟ್ಟೆ, ಅಕ್ಕಿ ಪುಕ್ಸಟ್ಟೆ. ಮನೇಲಿ ಕೂತಿರೋ ಹೆಂಗಸ್ರಿಗೆ ತಿಂಗ್ಳು ತಿಂಗ್ಳು ದುಡ್ಡು. ಯಾವ ಸರ್ಕಾರ ಉಳ್ಕೊತದೆ ಹೇಳಿ ಮೇಷ್ಟ್ರೇ."

ಮೇಷ್ಟ್ರು ರಿಟೈರಾಗಿ ವರ್ಷಗಳಾದವು. ಪೇಪರನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ, ಬೇರೆಯವರು ಓದದ ಹಾಗೆ.

"ಹಂಗಲ್ಲಪ್ಪ. ನಾವು ಕಟ್ಟೋ ತೆರಿಗೆ ಡೆಲ್ಲಿಗೆ ಹೋಗ್ತದೆ, ವಾಪಸ್ ಬರೋದು ಒಸಿ. ಹಸು ನಮ್ದು, ಹಾಲು ಅವ್ರದು, ಸಗಣಿ ಬಾಚೋದು ನಾವು. ಮೂಲ ಅಲ್ಲೈತೆ."

"ನಿಮ್ ಪಿಂಚಣಿ ಮಾತ್ರ ತಪ್ಪದಂಗೆ ಬತ್ತದಲ್ಲ, ಅದು ಎಲ್ಲಿಂದ ಬತ್ತದೆ? ಅದೂ ಒಂದು ತೂತೇ ಕಣ್ ಮೇಷ್ಟ್ರೇ."

"ಲೋ, ನಾನು ಮೂವತ್ತು ವರ್ಷ ನಿನ್ನಂಥೋರಿಗೆ ಕಾಗುಣಿತ ತಿದ್ದಿಸಿದೀನಿ. ನೀನು ಕಟ್ಟಿದ ಚರಂಡೀಲಿ ನೀರು ಹಿಂದಕ್ಕೆ ಹರೀತದೆ. ತೂತು ಯಾವ್ದು ಅಂತ ಊರಿಗೇ ಗೊತ್ತು."

ಹಾಲು ಅಳೆಯುವ ಸೆಕ್ರೆಟರಿ ಒಳಗಿನಿಂದ ಕೂಗಿದ, "ಇಬ್ರದೂ ತಪ್ಪು. ಬಾಟ್ಲಿ ರೇಟು ಏರ್ಸಿದ್ರಲ್ಲ, ಕುಡಿಯೋರು ಕಮ್ಮಿ ಆದ್ರು. ಅದಕ್ಕೇ ಖಜಾನೆ ಒಣಗೈತೆ."

ನಾನು ಸುಮ್ಮನಿರಲಾರದೆ, "ನಮ್ಮೂರ ಗಂಡಸ್ರು ಸರ್ಕಾರಾನ ಕೈ ಬುಟ್ಟಿಲ್ಲ ಕಣಪ್ಪ. ಸೇವೆ ಮಾಡಿ ಮಾಡಿ ಮೋರಿಗೆ ಬೀಳ್ತಾವ್ರೆ" ಎಂದೆ. ಎಲ್ಲರೂ ನಕ್ಕರು. ಕಂಟ್ರಾಕ್ಟರೂ ನಕ್ಕ. ಅಲ್ಲಿಯವರೆಗೆ ಅದು ಆಟವೇ ಆಗಿತ್ತು.

ಆಮೇಲೆ ಅವನ ಕಣ್ಣು ರಸ್ತೆಯ ಆಚೆಗೆ ಹೋಯಿತು. ಅಲ್ಲಿ ನಮ್ಮ ಪಕ್ಕದ ಮನೆಯ ಸೊಸೆ ನಿಂತಿದ್ದಳು, ಊಟದ ಡಬ್ಬಿ ಹಿಡಿದುಕೊಂಡು. ರಾಮನಗರದಲ್ಲಿ ರೇಷ್ಮೆ ಗೂಡಿನ ಮಾರ್ಕೆಟ್ಟಿನ ಹತ್ತಿರ ನೂಲು ಬಿಚ್ಚುವ ಕಡೆ ಅವಳಿಗೆ ಕೆಲಸ. ಒಂಬತ್ತಕ್ಕೆ ಅಲ್ಲಿರಬೇಕು. ಹತ್ತು ಗಂಟೆಯ ಬಸ್ಸಿಗೆ ಹೋದರೆ ಒಳಗೆ ಸೇರಿಸುವುದಿಲ್ಲ. ಯಾರಾದರೂ ಗಾಡಿಯವರು ಸಿಕ್ಕರೆ ಹೋಗೋಣ ಎಂದು ಕಾಯುತ್ತಿದ್ದಳು. ಅವಳ ಗಂಡ ಇದೇ ಬೆಂಚಿನ ತುದಿಯಲ್ಲಿ ಕುಳಿತಿದ್ದ.

"ನೋಡ್ರಪ್ಪ, ಸರ್ಕಾರ ಮುಳುಗಿಸ್ದೋರು ಅಲ್ಲಿ ನಿಂತವ್ರೆ" ಎಂದ ಕಂಟ್ರಾಕ್ಟರು. "ದಿನಾ ಪುಕ್ಸಟ್ಟೆ ಹೋಗೋದು, ಪುಕ್ಸಟ್ಟೆ ಬರೋದು. ಈಯಮ್ಮನಿಂದ್ಲೇ ಬಸ್ಸು ನಿಂತೋಗಿದ್ದು. ಈಗ ನೋಡು, ನನ್ ಮಗಳು ಕಾಲೇಜಿಗೆ ಹೋಗಂಗಿಲ್ಲ."

ಮೇಷ್ಟ್ರು ಡೆಲ್ಲಿಯನ್ನು ಮರೆತರು. ಸೆಕ್ರೆಟರಿ ಬಾಟ್ಲಿಯನ್ನು ಮರೆತ. ಎಲ್ಲರೂ ಅವಳ ಕಡೆ ನೋಡಿದರು. ಗಂಡ ತಲೆ ತಗ್ಗಿಸಿ, ಒಂದು ಕಡ್ಡಿಯಿಂದ ಚಪ್ಪಲಿಯ ಮಣ್ಣು ಕೆರೆಯಲು ಶುರುಮಾಡಿದ.

ಆ ಕಡ್ಡಿ ನೋಡಿ ನನ್ನ ಕೈಯಲ್ಲಿದ್ದ ಕ್ಯಾನು ಭಾರವಾಯಿತು. ಹೀಗೆಯೇ ಇನ್ನೊಬ್ಬ ಗಂಡಸು ತಲೆ ತಗ್ಗಿಸಿ ಮಣ್ಣು ಕೆರೆದದ್ದನ್ನು ನಾನು ನೋಡಿದ್ದೇನೆ. ಆವತ್ತು "ಇವಳಿಂದಲೇ" ಎಂದವಳು ನಾನು.

ನನಗೆ ಆಗ ಮೂವತ್ತು ತುಂಬಿರಲಿಲ್ಲ. ಮನೆ ತುಂಬ ಜನ, ಹಿತ್ತಿಲ ತುಂಬ ಹಿಪ್ಪುನೇರಳೆ, ಒಂದು ಉದ್ದನೆಯ ಹುಳುವಿನ ಮನೆ. ರೇಷ್ಮೆ ಹುಳು ಸಾಕುವವರಿಗೆ ಗೊತ್ತು, ಆ ಮನೆಗೆ ಯಾರು ಯಾವಾಗ ಕಾಲಿಡಬೇಕು, ಇಡಬಾರದು ಎಂಬುದಕ್ಕೆ ದೇವಸ್ಥಾನಕ್ಕಿಂತ ಹೆಚ್ಚು ಕಟ್ಟಳೆ. ಚಪ್ಪಲಿ ಇಲ್ಲ. ಒಗ್ಗರಣೆ ವಾಸನೆ ತಾಗಬಾರದು. ಹೊರಗಿನವರ ಕಣ್ಣು ಬೀಳಬಾರದು. ಮುಟ್ಟಾದ ಹೆಂಗಸು ಹೊಸಿಲು ದಾಟಬಾರದು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ಎಂದರೆ ಮೇವು ಬಿಟ್ಟು, ತಲೆ ಎತ್ತಿ ಮಲಗಿ, ಪೊರೆ ಕಳಚುತ್ತವೆ. ನಾಲ್ಕನೇ ಜ್ವರ ಎದ್ದವೆಂದರೆ ಹೊಟ್ಟೆಬಾಕರಂತೆ ಮೇಯುತ್ತವೆ. ಆ ಸದ್ದು ಎಲೆಯ ಮೇಲೆ ಸೋನೆ ಮಳೆ ಬಿದ್ದ ಹಾಗೆ. ಮನೆಯವರೆಲ್ಲ ಆ ಸದ್ದಿನ ಮೇಲೆ ಕಿವಿಯಿಟ್ಟೇ ಬದುಕುತ್ತಿದ್ದೆವು.

ಆ ಸಲ ಹುಳು ಚೆನ್ನಾಗಿ ಎದ್ದು ಜಾಗ ಸಾಲದೆ ಹೋಯಿತು. ತಟ್ಟೆ ಬೇಕಿತ್ತು. ಹುಳು ಹರಡಿ ಮೇಯಿಸುವ ದೊಡ್ಡ ಬಿದಿರಿನ ತಟ್ಟೆ. ನನ್ನ ತವರು ಚನ್ನಪಟ್ಟಣದ ಕಡೆ. "ನಮ್ಮಣ್ಣನ ಮನೇಲಿ ಅವೆ, ತತ್ತೀನಿ" ಎಂದು ಜಂಬದಿಂದ ಹೊರಟೆ. ಜೊತೆಗೆ ಮೈದುನನ ಹೆಂಡತಿ ಬಂದಳು. ಮದುವೆಯಾಗಿ ವರ್ಷ ತುಂಬಿತ್ತೋ ಇಲ್ಲವೋ. ಮಾಗಡಿ ಕಡೆ, ಕಲ್ಯದ ಆಚೆ ಅವಳ ತವರು, ಕುರಿ ಸಾಕುವ ಮನೆ. ಕಡಿಮೆ ಮಾತಿನವಳು.

ತವರಿನಲ್ಲಿ ತಟ್ಟೆಗಳು ಅಟ್ಟದ ಮೇಲಿದ್ದವು. ಹಿಂದಿನ ಬೆಳೆ ಅಲ್ಲಿ ಕೆಟ್ಟಿತ್ತು. ಹುಳು ಹಾಲುಬಣ್ಣಕ್ಕೆ ತಿರುಗಿ, ಊದಿ, ಒಡೆದು ಸತ್ತಿದ್ದವು. ಅತ್ತಿಗೆ ಅದನ್ನು ನನ್ನ ಕಿವಿಯಲ್ಲಿ ಹೇಳಿ, "ಬಿಸಿಲಿಗೆ ಹಾಕಿ, ಸಗಣಿ ಸಾರಿಸಿ, ಆಮ್ಯಾಕೆ ಬಳಸು" ಎಂದಳು. ಬಸ್ಸಿನ ಮೇಲೆ ತಟ್ಟೆ ಕಟ್ಟಿಸಿಕೊಂಡು ವಾಪಸು ಬರುವಾಗ, ಕೆಂಗಲ್ ಹತ್ತಿರ ಬಸ್ಸು ನಿಂತಿತು. ಮೈದುನನ ಹೆಂಡತಿ ಕಿಟಕಿಯಿಂದ ಆಂಜನೇಯನಿಗೆ ಕೈ ಮುಗಿದು, "ಅಕ್ಕ, ನಿಮ್ಮಣ್ಣನ ಮನೇಲಿ ಗೂಡೇ ಕಾಣ್ಲಿಲ್ವಲ್ಲ, ಬೆಳೆ ಏನಾಯ್ತಂತೆ?" ಎಂದಳು.

"ಮಾರ್ಬುಟ್ಟವ್ರೆ" ಎಂದೆ.

ಮನೆಗೆ ಬಂದಾಗ ಮೋಡ ಕವಿದಿತ್ತು. ಮೂರು ದಿನ ಬಿಸಿಲೇ ಇಲ್ಲ. ಹುಳು ಹಸಿದು ಒಂದರ ಮೇಲೊಂದು ಹತ್ತುತ್ತಿದ್ದವು. ಒಂದು ಬಟ್ಟೆಯಲ್ಲಿ ಒರೆಸಿ, ಅದೇ ತಟ್ಟೆಗಳಿಗೆ ಹುಳು ಬಿಟ್ಟೆ. ತವರಿನ ತಟ್ಟೆಯಲ್ಲಿ ರೋಗ ಇದೆ ಎಂದು ಅತ್ತೆಯ ಮುಂದೆ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಏನೂ ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಒಳಗೆ ಹೋದರೆ ಸದ್ದು ತೆಳ್ಳಗಾಗಿತ್ತು. ಮಧ್ಯಾಹ್ನಕ್ಕೆ ಸದ್ದೇ ಇಲ್ಲ. ಸೊಪ್ಪು ಹಾಕಿದ ಹಾಗೆಯೇ ಬಾಡುತ್ತಿತ್ತು. ಹುಳು ತಟ್ಟೆಯ ಅಂಚಿಗೆ ಹರಿದು ಬಂದು ಜೋತು ಬಿದ್ದಿದ್ದವು. ಮುಟ್ಟಿದರೆ ಬೆರಳಿಗೆ ಬೆಳ್ಳಗೆ ಅಂಟು. ಅಷ್ಟು ಸಾವಿರ ಬಾಯಿ ಒಂದೇ ಸಲ ಸುಮ್ಮನಾದರೆ ಹೇಗಿರುತ್ತದೆ ಎಂದು ಕೇಳಿದವರಿಗೆ ಹೇಳಲಾರೆ.

ಸಾಯಂಕಾಲ ಅಂಗಳದಲ್ಲಿ ಸೇರಿದೆವು. ಹುಳು ಯಾಕೆ ಸತ್ತವು ಎಂದು ಕಾರಣ ಹುಡುಕಬೇಕು.

ಮಾವ, "ಸೊಪ್ಪು ನೆನೆದಿತ್ತು, ಆರಿಸ್ದೆ ಹಾಕವ್ರೆ" ಎಂದರು. ಸೊಪ್ಪು ತಂದವನು ನನ್ನ ಗಂಡ. ಅವನು ರೇಗಿ, "ಮೊಟ್ಟೇನೇ ಸರಿ ಇರ್ಲಿಲ್ಲ" ಎಂದ. ಮೊಟ್ಟೆ ತಂದವರು ಮಾವ. ಅತ್ತೆ, "ಆಚೆ ಬೀದಿಯೋಳು ಬಂದು ಇಣುಕಿದ್ಲು, ಕಣ್ಣು ಬಿತ್ತು" ಎಂದಳು. ಹೀಗೇ ಸುತ್ತು ಹೊಡೆಯುತ್ತಾ ಮಾತು ಒಬ್ಬೊಬ್ಬರ ಮನೆಬಾಗಿಲಿಗೂ ಹೋಗಿ ಬಂತು. ಕೊನೆಗೆ ಮಾವ, "ತಟ್ಟೆ ಎಂಥವು ತಂದ್ರಿ?" ಎಂದು ನನ್ನ ಕಡೆ ತಿರುಗಿದರು.

ನಾನು ಒಂದು ಉಸಿರೂ ತಡೆಯದೆ ಮೈದುನನ ಹೆಂಡತಿಯ ಕಡೆ ಕೈ ತೋರಿಸಿದೆ. "ತಟ್ಟೆಗೇನಾಗೈತೆ? ಇವ್ಳು ಮುಟ್ಟಾಗಿ ಮೂರು ದಿನ ಕಳ್ಯೋಕ್ ಮುಂಚೆನೇ ಒಳೀಕೆ ಹೋಗಿದ್ಲು. ನಾನೇ ಕಣ್ಣಾರೆ ಕಂಡೆ. ಇವ್ಳಿಂದ್ಲೇ" ಎಂದೆ.

ಸುಳ್ಳು. ಅವಳು ಹೋಗಿರಲಿಲ್ಲ.

ಅಂಗಳದಲ್ಲಿ ಎಲ್ಲರ ಭುಜ ಕೆಳಗಿಳಿದದ್ದನ್ನು ನೋಡಿದೆ. ಮಾವ ಬೀಡಿ ಹಚ್ಚಿದರು. ಗಂಡ ಎದ್ದು ಹೋಗಿ ನೀರು ಕುಡಿದ. ಕಾರಣ ಸಿಕ್ಕಿತ್ತು, ಅದು ತಮ್ಮದಲ್ಲ. ಅವಳು ಕಂಬದ ಹತ್ತಿರ ನಿಂತು ನನ್ನ ಮುಖ ಒಂದೇ ಸಲ ನೋಡಿದಳು. ಹೌದಾ ಇಲ್ಲವಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಮೈದುನ ಜಗಲಿಯ ಅಂಚಿನಲ್ಲಿ ಕೂತು ಕಡ್ಡಿಯಿಂದ ಕಾಲಿನ ಕೆಸರು ಕೆರೆಯುತ್ತಿದ್ದ.

ಒಂದು ಬೆಳೆ ಮುಗಿಯಲಿ, ಆಮೇಲೆ ಕರೆಸಿಕೊಳ್ಳೋಣ ಎಂದು ಅವಳನ್ನು ತವರಿಗೆ ಕಳಿಸಿದರು. ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಬಸ್ಸಿಗೆ ನಿಂತಳು. ಈಗ ಡೈರಿ ಇರುವ ಜಾಗದ ಎದುರು, ಹುಣಸೆಮರದ ಕೆಳಗೆ. ಮರ ಈಗ ಇಲ್ಲ.

ಅವಳು ಹೋದ ವಾರ ನಾನು ಆ ತಟ್ಟೆಗಳನ್ನು ಮುರಿದು ಹಂಡೆ ಒಲೆಗೆ ಹಾಕಿದೆ. ಹುಳುವಿನ ಮನೆಗೆ ಸುಣ್ಣ ಹೊಡೆದೆ. ಹೊಸ ತಟ್ಟೆ ಬಂದವು. ಮುಂದಿನ ಬೆಳೆ ಚೆನ್ನಾಗಿ ಬಂತು. ಬರದೆ ಏನು? ರೋಗ ಒಲೆಯಲ್ಲಿ ಉರಿದುಹೋಗಿತ್ತು. ಆದರೆ ಮನೆಯಲ್ಲಿ ಎಲ್ಲರೂ, "ನೋಡ್ದಾ, ಅವ್ಳು ಹೋದ್ಲು, ಬೆಳೆ ಬಂತು" ಎಂದರು. ನನ್ನ ಸುಳ್ಳಿಗೆ ಗೂಡೇ ಸಾಕ್ಷಿ ಹೇಳಿತು. ಮರುವರ್ಷ ಮೈದುನನಿಗೆ ಬೇರೆ ಹೆಣ್ಣು ತಂದರು. ಇವಳು ಅಣ್ಣನ ಮನೆಯಲ್ಲಿ ಕುರಿ ಕಾಯುತ್ತಾ ಉಳಿದಳು.

ಎಷ್ಟೋ ವರ್ಷದ ಮೇಲೆ ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಸಿಕ್ಕಿದಳು. ಅಣ್ಣನ ಮಗನ ಗೂಡು ಹರಾಜಿಗೆ ಹಾಕಿಸಲು ಬಂದಿದ್ದಳು. ಗೂಡು ಸುರಿಯುವ ಜಾಲರಿಯ ಪಕ್ಕದ ಕಟ್ಟೆಯ ಮೇಲೆ ಒಸಿ ಸರಿದು ನನಗೆ ಜಾಗ ಕೊಟ್ಟಳು. ಸುತ್ತ ಕೂಗಾಟ. ಆಮೇಲೆ ಅವಳೇ ಕೇಳಿದಳು.

"ಆ ತಟ್ಟೆಗೋಳ ಸುಟ್ಯಾ ಅಕ್ಕ?"

"ಸುಟ್ಟೆ."

"ಅದಕ್ಕೇ ಬೆಳೆ ಬಂದಿರೋದು" ಎಂದಳು. ಕೋಪ ಇರಲಿಲ್ಲ. ಹಸು ಈಯಿತಾ ಎಂದು ಕೇಳಿ ತಿಳಿದುಕೊಂಡವಳ ಹಾಗೆ ತಲೆಯಾಡಿಸಿದಳು. ಸೆರಗು ಕೊಡವಿ ಎದ್ದು ಹೋದಳು.

ಎಲ್ಲ ಗೊತ್ತಿದ್ದೂ ಅಂಗಳದಲ್ಲಿ ಸುಮ್ಮನೆ ನಿಂತಿದ್ದಳು. ಬೈದಿದ್ದರೆ ನನಗೆ ಆವತ್ತೇ ಮುಗಿಯುತ್ತಿತ್ತು. ಅವಳು ಸತ್ತ ಸುದ್ದಿ ಕುರಿಮರಿ ಮಾರಲು ಬಂದವನೊಬ್ಬನಿಂದ ತಿಳಿಯಿತು. ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಹುಳು ಸಾಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಹುಳುವಿನ ಮನೆಯಲ್ಲಿ ಈಗ ಕುರಿ ಕಟ್ಟುತ್ತೇವೆ. ಆದರೂ ಹಾಡುಹಗಲೇ, ಕುರಿ ಮೇಯಲು ಹೋಗಿ ಮನೆ ಖಾಲಿ ಇರುವಾಗ, ಒಳಗೆ ಹುಳು ಮೇಯುವ ಆ ಸದ್ದು ಕೇಳುತ್ತದೆ. ಬಾಗಿಲು ತೆಗೆದರೆ ನಿಲ್ಲುತ್ತದೆ. ಬಸ್ಸು ನಿಂತ ಮೇಲೆ ಇನ್ನೊಂದು ಶುರುವಾಗಿದೆ. ಡೈರಿಯ ಎದುರು, ಮರ ಇದ್ದ ಕಡೆ, ಕಂಕುಳಲ್ಲಿ ಗಂಟು ಇಟ್ಟುಕೊಂಡು ಒಬ್ಬಳು ನಿಂತಿರುತ್ತಾಳೆ. ದೆವ್ವ ಎಂದು ನಾನು ಹೇಳುವುದಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಪೊರೆ ಬಂದ ಕಣ್ಣಿಗೆ ಬೇರೆ ಯಾರೂ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಕಂಟ್ರಾಕ್ಟರು ಆ ಮಾತಾಡಿದ ದಿನವೇ ಪಕ್ಕದ ಮನೆಯಲ್ಲಿ ಜಗಳ. ನಮ್ಮೆರಡು ಮನೆಗೆ ನಡುವೆ ಒಂದೇ ಗೋಡೆ.

"ನಾಕು ಜನ್ರ ಮುಂದೆ ನನ್ ತಲೆ ತೆಗ್ದಂಗಾಯ್ತು. ಸೋಮವಾರದಿಂದ ಹೋಗ್ಬ್ಯಾಡ" ಎಂದ ಗಂಡ.

"ನಾನೇನ್ ಕದ್ದಿದ್ನಾ? ಎಲ್ರಿಗೂ ಕೊಟ್ಟಿರೋ ಬಸ್ಸು ನಾನೂ ಹತ್ತಿದ್ದೆ."

"ಹೋಗ್ಬ್ಯಾಡ ಅಂದ್ರೆ ಹೋಗ್ಬ್ಯಾಡ."

ಅತ್ತೆ ಮಧ್ಯೆ ಬಾಯಿ ಹಾಕಿ, "ಬುಡವ್ವ, ನಾವೇನು ಉಪವಾಸ ಇದ್ದೀವಾ" ಎಂದಳು. ಆಮೇಲೆ ಪಾತ್ರೆ ಇಟ್ಟ ಸದ್ದು. ಸೊಸೆಯ ಸದ್ದು ಬರಲೇ ಇಲ್ಲ. ಅವಳು ಎರಡು ವರ್ಷ ಕೂತು ಆ ಕೆಲಸ ಕಲಿತಿದ್ದಾಳೆ. ಕುದಿಯುವ ನೀರಿನಿಂದ ಗೂಡಿನ ಎಳೆ ಎತ್ತುವುದು ಎಲ್ಲರ ಕೈಗೂ ಬರುವ ಕೆಲಸವಲ್ಲ. ಒಂದು ವಾರ ಹೋಗದಿದ್ದರೆ ಆ ಜಾಗಕ್ಕೆ ಇನ್ನೊಬ್ಬಳು ಕೂರುತ್ತಾಳೆ. ಆ ಗೋಡೆಯಾಚೆಯ ಮೌನ ನನಗೆ ಗೊತ್ತಿರುವ ಮೌನ.

ಮಾರನೆಯ ದಿನ ಡೈರಿ ಮುಂದೆ ಕ್ಯಾನು ಇಳಿಸಿ, ಯಾರೂ ಕೇಳದೆ ಇದ್ದರೂ, ತಟ್ಟೆಯ ಕಥೆಯನ್ನೆಲ್ಲ ಹೇಳಿದೆ. ಕಿವಿಯಲ್ಲಿ ಅತ್ತಿಗೆ ಹೇಳಿದ್ದು, ಬಿಸಿಲಿಗೆ ಹಾಕದೇ ಇದ್ದದ್ದು, ಸುಳ್ಳು, ಒಲೆ, ಎಲ್ಲ. ನನ್ನ ಮಗನಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ? ಇದು ರಾಜ್ಯದ ಹಣಕಾಸು" ಎಂದರು.

"ನಂಗೆ ಹಣಕಾಸು ಗೊತ್ತಿಲ್ಲ ಮೇಷ್ಟ್ರೇ. ಸರ್ಕಾರದ ದುಡ್ಡು ಎಲ್ಲೋಯ್ತೋ ನಂಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಕಾರಣ ಹುಡುಕ್ತಾ ಕೂತೋರು ಕೊನೇಗೆ ಯಾರ್ ಮ್ಯಾಲೆ ಹಾಕ್ತಾರೆ ಅನ್ನೋದು ಗೊತ್ತು. ಎದುರು ಮಾತಾಡ್ದೆ ನಿಂತಿರ್ತಾಳಲ್ಲ, ಅವ್ಳ ಮ್ಯಾಲೆ."

"ಏನಜ್ಜಿ, ಹುಳದ ತಟ್ಟೆ ತಂದು ಸರ್ಕಾರಕ್ಕೆ ಗಂಟು ಹಾಕ್ತೀಯಲ್ಲ!" ಎಂದು ಕಂಟ್ರಾಕ್ಟರು ನಕ್ಕ. "ಹೋಗ್ಲಿ, ಬಸ್ಸು ನಿಂತಿದ್ದು ಯಾರಿಂದ ಅಂತೀಯ?"

"ಯಾರಿಂದ್ಲೋ. ಅವಳಿಂದಲ್ಲ. ನೀನು ಡಿಪೋಗೆ ಹೋಗಿ ಕೇಳ್ದಾ? ನಾನು ಕೇಳ್ದೆನಾ? ಇಲ್ಲೇ ಕೂತು ತೀರ್ಮಾನ ಮಾಡ್ಬುಟ್ವಿ."

ಅವನು ಕೈ ಕೊಡವಿದ. ಆಮೇಲೆ ಮತ್ತೆ ಡೆಲ್ಲಿ, ಮತ್ತೆ ಪುಕ್ಸಟ್ಟೆ ಅಕ್ಕಿ. ನನ್ನ ಮಾತು ಆ ಚರ್ಚೆಯನ್ನು ಒಂದು ಅಂಗುಲವೂ ಅಲುಗಿಸಲಿಲ್ಲ. ಬೆಂಚಿನ ತುದಿಯಲ್ಲಿದ್ದ ಪಕ್ಕದ ಮನೆಯವನು ಮಾತ್ರ ತನ್ನ ಕ್ಯಾನು ತೆಗೆದುಕೊಂಡು ಹೊರಟುಹೋದ. ಹೊಟ್ಟೆಯಲ್ಲಿ ಏನಿತ್ತೋ ತಿಳಿಯಲಿಲ್ಲ.

ಸೋಮವಾರ ಬೆಳಕು ಹರಿಯುತ್ತಿದ್ದ ಹಾಗೆ ನಾನು ಪಕ್ಕದ ಮನೆಯ ಬಾಗಿಲಿಗೆ ಹೋದೆ. ಸೊಸೆ ಅಂಗಳ ಗುಡಿಸುತ್ತಿದ್ದಳು.

"ದೊಡ್ಡ ರಸ್ತೆಗೆ ನಡ್ಕೊಂಡು ಹೋದ್ರೆ ಬಸ್ಸು ಸಿಕ್ತದೆ. ಡಬ್ಬಿ ಕಟ್ಕೊ. ನಾನು ಜೊತೇಗೆ ಬತ್ತೀನಿ" ಎಂದೆ.

"ನಿನ್ ಮಂಡಿ ನೋವು ಅಜ್ಜಿ."

"ಮಂಡಿ ನಂದು. ನಿಂಗ್ಯಾಕೆ?"

ಅವಳು ಒಳಗೆ ನೋಡಿದಳು. ಗಂಡ ನಡುಮನೆಯಲ್ಲಿ ಕೂತಿದ್ದ. ಬೇಡ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅತ್ತೆ ಗೊಣಗಿದಳು. ಅವಳು ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋಗಿ, ಡಬ್ಬಿ ಹಿಡಿದು ಬಂದಳು.

ಒಂದು ಗಂಟೆಯ ದಾರಿ. ಬಂಡೆಯ ಸಾಲು ಬಲಕ್ಕೆ, ಹುರುಳಿ ಹೊಲ ಎಡಕ್ಕೆ. ನನ್ನ ಕಾಲಿಗೆ ತಕ್ಕಂತೆ ಅವಳು ನಡಿಗೆ ನಿಧಾನ ಮಾಡಬೇಕಾಯಿತು. ತಟ್ಟೆಯ ಕಥೆ ಅವಳ ಕಿವಿಗೂ ಬಿದ್ದಿತ್ತು. ಅರ್ಧ ದಾರಿಯಲ್ಲಿ ಕೇಳಿದಳು, "ಆಯಮ್ಮ ನಿನ್ನ ಕ್ಷಮಿಸಿದ್ಲಾ ಅಜ್ಜಿ?"

"ನಾನು ಕೇಳ್ಲೇ ಇಲ್ಲ."

"ಯಾಕೆ?"

"ಇಲ್ಲ ಅಂದ್ಬುಟ್ರೆ?"

ನಮ್ಮ ಹಿಂದೆ ಯಾರೋ ಬರುತ್ತಿದ್ದ ಹಾಗೆ ಇತ್ತು. ನಾನು ತಿರುಗಿ ನೋಡಲಿಲ್ಲ. ಬರುವವರು ಬರಲಿ ಎಂದು ನಡೆದೆ.

ದೊಡ್ಡ ರಸ್ತೆಯಲ್ಲಿ ಬಸ್ಸು ತುಂಬಿ ತುಳುಕುತ್ತಾ ಬಂತು, ನಮ್ಮನ್ನು ದಾಟಿ ಅಷ್ಟು ದೂರ ಹೋಗಿ ನಿಂತಿತು. ಅವಳು ಸೆರಗು ಸಿಕ್ಕಿಸಿಕೊಂಡು ಓಡಿದಳು. ಬಾಗಿಲಲ್ಲಿ ನೇತಾಡುತ್ತಿದ್ದ ಹೆಂಗಸರಲ್ಲಿ ಒಬ್ಬಳು ಡಬ್ಬಿ ಈಸಿಕೊಂಡಳು, ಇನ್ನೊಬ್ಬಳು ಕೈ ಹಿಡಿದು ಎಳೆದುಕೊಂಡಳು. ಬಸ್ಸು ಹೊರಟಿತು.

ನಾನು ಮೈಲಿಗಲ್ಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದೆ. ಹಳೆಯ ಸ್ಕೂಟರಿನಲ್ಲಿ ಅವಳ ಗಂಡ ಬಂದ. ಇಳಿಯದೆ, "ಹತ್ತಿದ್ಲಾ?" ಎಂದ.

"ಹತ್ತಿದ್ಲು."

"ಸಂಜೆ ಇಲ್ಲಿ ಎಷ್ಟೊತ್ತಿಗೆ ಬಂದು ನಿಂತ್ಕೊತಾಳಂತೆ?"

"ಅವ್ಳನ್ನೇ ಕೇಳು. ಫೋನು ಐತಲ್ಲ."

ಅವನು ಫೋನು ಜೇಬಿನಿಂದ ತೆಗೆದು, ನೋಡಿ, ಮತ್ತೆ ಜೇಬಿಗೆ ಹಾಕಿದ. "ಹತ್ತಜ್ಜಿ, ಊರಿಗೆ ಬುಡ್ತೀನಿ" ಎಂದ. ಹತ್ತಿದೆ. ದಾರಿಯುದ್ದಕ್ಕೂ ಸರ್ಕಾರದ್ದೇ ಮಾತು. ಡೆಲ್ಲಿಯದೂ ತಪ್ಪಿದೆಯಂತೆ, ಇಲ್ಲಿಯದೂ ತಪ್ಪಿದೆಯಂತೆ. ಬಸ್ಸಿನ ವಿಷಯಕ್ಕೆ ನಾಳೆ ಡಿಪೋಗೆ ಹೋಗಿ ಒಂದು ಅರ್ಜಿ ಕೊಡುತ್ತಾನಂತೆ. ನಾನು ಹೂಂ ಎನ್ನುತ್ತಿದ್ದೆ.

ಬಂಡೆಯ ಹತ್ತಿರದ ಏರಿನಲ್ಲಿ ಸ್ಕೂಟರು ಎಳೆಯಲಾರದೆ ನರಳಿತು. ಅವನು ಗೇರು ಇಳಿಸಿ, ಕಾಲು ಕೊಟ್ಟು ನೂಕಿದ.

"ಇಬ್ರೇ ಅಲ್ವ ಇರೋದು, ಯಾಕಿಂಗಾಡ್ತೈತೆ ಇದು?" ಎಂದ.

ನಾನು ಸೀಟಿನ ಮೇಲೆ ಒಸಿ ಮುಂದಕ್ಕೆ ಸರಿದು, ಹಿಂದೆ ಒಬ್ಬಳಿಗೆ ಜಾಗ ಬಿಟ್ಟು ಕೂತೆ.